ಹಕ್ಕಿಯ ತುಪ್ಪುಳು, ಮನುಷ್ಯನ ಹೊದಿಕೆ

ನಮ್ಮ ಹರಿಕಥೆಯ ದಾಸರಾಗಲಿ ಯಕ್ಷಗಾನದ ಅರ್ಥಧಾರಿಗಳಾಗಲಿ ರಾಜನೊಬ್ಬನನ್ನು ಮಲಗಿಸಬೇಕಾದರೆ ಹಂಸತೂಲಿಕಾತಲ್ಪಕ್ಕಿಂತ ಕಡಿಮೆಯ ಹಾಸಿಗೆಯನ್ನು ಒದಗಿಸುವುದಿಲ್ಲ. ಚಾಪೆಯ ಮೇಲೆ ಕಂಬಳಿ ಹೊದ್ದು ಕುಳಿತು ಕಥೆ ಕೇಳಿದ ಶ್ರೋತೃಗಳು ತಲೆತಲಾಂತರದಿಂದ ಆ ಮಾತಿಗೆ ತಲೆದೂಗುತ್ತ ಬಂದಿದ್ದಾರೆ. ಆ ತಲ್ಪದೊಳಗೆ ತುಂಬಿದ್ದೇನು, ಅದನ್ನು ಹಂಸ ತಾನಾಗಿ ಕೊಟ್ಟಿತೋ ಜನ ಕಿತ್ತುಕೊಂಡರೋ ಎಂದು ಯಾರೂ ವಿಚಾರಿಸಿದಂತೆ ಕಾಣುವುದಿಲ್ಲ. ಸಂಸ್ಕೃತದಲ್ಲಿ 'ತೂಲ' ಎಂದರೆ ಅರಳೆ. ಹಂಸತೂಲವೆಂದರೆ ಹಂಸದ ಮೈಯ ಅರಳೆ, ಅಂದರೆ ದೊಡ್ಡ ಗರಿಗಳ ಅಡಿಯಲ್ಲಿ ಚರ್ಮವನ್ನು ಅಪ್ಪಿಕೊಂಡಿರುವ, ಕಡ್ಡಿಯಿಲ್ಲದ ನಯವಾದ ಎಳೆಗಳ ಗೊಂಚಲು. ಕನ್ನಡದಲ್ಲಿ ಅದಕ್ಕೆ ತುಪ್ಪುಳು ಎಂಬ ಹಳೆಯ ಮಾತಿದೆ. ಆಡುಮಾತಿನಲ್ಲಿ ತುಪ್ಪಳ ಎನ್ನುತ್ತೇವೆ.

ಈಗ ಆ ತಲ್ಪ ಪುರಾಣದಿಂದ ಇಳಿದು ಅಂಗಡಿಗೆ ಬಂದಿದೆ. ಮಗನೋ ಮಗಳೋ ಜರ್ಮನಿಗೆ, ಸ್ವೀಡನ್ನಿಗೆ, ಅಮೆರಿಕದ ಉತ್ತರದ ರಾಜ್ಯಗಳಿಗೆ ಹೋಗಿ ನೆಲಸಿರುವ ಮನೆಗಳು ನಮ್ಮ ಊರುಗಳಲ್ಲಿ ಬೀದಿಗೆ ನಾಲ್ಕಾದರೂ ಇವೆ. ಚಳಿಗಾಲದಲ್ಲಿ ಅಲ್ಲಿಗೆ ಹೋಗಿ ಬಂದ ತಂದೆತಾಯಿಗಳು ಮೊದಲು ಹೇಳುವ ಸಂಗತಿಗಳಲ್ಲಿ ಹಾಸಿಗೆಯ ಮೇಲಣ ಹೊದಿಕೆಯೂ ಒಂದು. ನೋಡಿದರೆ ಗೇಣು ದಪ್ಪ, ಎತ್ತಿದರೆ ಹೂವಿನಷ್ಟು ಹಗುರ, ಹೊದ್ದರೆ ಕ್ಷಣದಲ್ಲಿ ಬೆಚ್ಚಗೆ. ಆದರೆ ಅದನ್ನು ಕೊಳ್ಳಲು ಹೊರಟವರಿಗೆ ತೊಡಕು ತಪ್ಪಿದ್ದಲ್ಲ. ಒಂದು ಬಾತಿನದು, ಇನ್ನೊಂದು ಹೆಬ್ಬಾತಿನದು. ಒಂದರ ಮೇಲೆ ೫೫೦ ಎಂದು ಬರೆದಿದೆ, ಇನ್ನೊಂದರ ಮೇಲೆ ೮೦೦ ಎಂದು. ಒಂದರ ಬೆಲೆ ಒಬ್ಬ ಗುಮಾಸ್ತನ ವಾರದ ಸಂಬಳ, ಮತ್ತೊಂದರ ಬೆಲೆ ಅವನ ವರ್ಷದ ಸಂಬಳ. ಯಾವುದನ್ನು ಆರಿಸಬೇಕು?

ಕನ್ನಡ ಪಾಠ ಹೇಳುವವನಿಗೆ ಹಾಸಿಗೆ ಹೊದಿಕೆಗಳ ಗೊಡವೆ ಏಕೆ ಎಂದು ಓದುಗರು ಕೇಳಬಹುದು. ಹಂಸತೂಲಿಕೆ ಎಂಬ ಶಬ್ದದ ಬೆನ್ನು ಹತ್ತಿದರೆ ಎರಡು ಸಾವಿರ ವರ್ಷಗಳ ಒಂದು ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಯಾವುದನ್ನು ಆರಿಸಬೇಕೆಂಬ ಪ್ರಶ್ನೆಗೂ ಅದರಲ್ಲಿ ಉತ್ತರವಿದೆ.

ರೋಮನರ ಕುತ್ತಿಗೆ

ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಪ್ಲಿನಿ ಎಂಬ ರೋಮನ್ ಪಂಡಿತನಿದ್ದನು. ಕಂಡದ್ದು, ಕೇಳಿದ್ದು, ಓದಿದ್ದು ಎಲ್ಲವನ್ನೂ ೩೭ ಭಾಗಗಳ ಒಂದು ಮಹಾಗ್ರಂಥದಲ್ಲಿ ತುಂಬಿದವನು. ೭೯ರಲ್ಲಿ ವೆಸೂವಿಯಸ್ ಪರ್ವತ ಬೆಂಕಿ ಕಾರಿದಾಗ ಅದರ ಸಮೀಪದಲ್ಲಿಯೇ ಪ್ರಾಣಬಿಟ್ಟವನು. ತಾರುಣ್ಯದಲ್ಲಿ ಅವನು ಜರ್ಮನಿಯ ಗಡಿಯಲ್ಲಿ ಕುದುರೆ ದಳದ ಅಧಿಕಾರಿಯಾಗಿದ್ದನು. ಆದ್ದರಿಂದ ಆ ನಾಡಿನ ಹೆಬ್ಬಾತುಗಳ ವಿಷಯವಾಗಿ ಅವನು ಬರೆದದ್ದಕ್ಕೆ ಹೆಚ್ಚಿನ ಬೆಲೆಯುಂಟು.

ಬಿಳಿಯ ಹೆಬ್ಬಾತಿನಿಂದ ಬರುವ ಎರಡನೆಯ ಆದಾಯ ಅದರ ಗರಿ ಎಂದು ಅವನು ಹೇಳುತ್ತಾನೆ. ಕೆಲವು ಕಡೆ ವರ್ಷಕ್ಕೆ ಎರಡು ಸಲ ಗರಿ ಕೀಳುತ್ತಿದ್ದರಂತೆ. ಹಕ್ಕಿಗೆ ಮತ್ತೆ ಗರಿ ಬರುತ್ತಿತ್ತು. ಮೈಗೆ ಹತ್ತಿರವಾದಷ್ಟೂ ಗರಿ ನಯ. ಎಲ್ಲಕ್ಕಿಂತ ಮೇಲಾದದ್ದು ಜರ್ಮನಿಯಿಂದ ಬರುವುದು. ಅಲ್ಲಿಯ ಹಕ್ಕಿ ಬಿಳುಪು, ಗಾತ್ರದಲ್ಲಿ ಚಿಕ್ಕದು. ಅದರ ತುಪ್ಪುಳಿಗೆ ರಾತಲಿಗೆ ಐದು ದಿನಾರಿ ಬೆಲೆ. ಅಂದಿನ ರೋಮನ್ ಕಾಲಾಳಿನ ವರ್ಷದ ಸಂಬಳ ೨೨೫ ದಿನಾರಿ. ಎಂದರೆ ಒಂದು ರಾತಲು ತುಪ್ಪುಳಿನ ಬೆಲೆ ಸಿಪಾಯಿಯ ಎಂಟು ದಿನದ ಗಳಿಕೆ. ಇಷ್ಟು ಲಾಭ ಕಣ್ಣೆದುರಿಗೆ ಈಜಾಡುತ್ತಿರುವಾಗ ಕಾವಲು ಕಾಯುವವರು ಯಾರು? ಗಡಿಯ ಠಾಣೆಗಳಲ್ಲಿ ಕಾವಲಿರಬೇಕಾದ ಪಡೆಗಳನ್ನು ಇಡಿಯಾಗಿ ಹಕ್ಕಿಬೇಟೆಗೆ ಕಳುಹಿಸಿಬಿಟ್ಟ ಅಪವಾದಕ್ಕೆ ಸಹಾಯಕ ಸೈನ್ಯದ ಅಧಿಕಾರಿಗಳು ಅನೇಕ ಸಲ ಗುರಿಯಾಗುತ್ತಿದ್ದರೆಂದು ಪ್ಲಿನಿ ಬರೆದಿದ್ದಾನೆ. ಸುಖಲೋಲುಪತೆ ಎಲ್ಲಿಗೆ ಬಂತೆಂದರೆ ಗಂಡಸರ ಕುತ್ತಿಗೆಗೂ ಈಗ ಈ ದಿಂಬಿಲ್ಲದೆ ನಡೆಯದು ಎಂದು ಅವನು ಹಂಗಿಸುತ್ತಾನೆ.

ತುಪ್ಪುಳಿನ ಚರಿತ್ರೆಯಲ್ಲಿ ಮುಂದೆ ಕಾಣಸಿಗುವ ಬಹುತೇಕ ಸಂಗತಿಗಳು ಈ ಒಂದು ಪುಟದಲ್ಲಿಯೇ ಇವೆ: ಹಕ್ಕಿಯ ಜಾತಿ, ಊರು, ನಯ, ಬೆಲೆ, ಕೊಳ್ಳುವವರ ಹಂಬಲ. ಸೈನಿಕರ ಶಿಸ್ತು ಕೆಟ್ಟಿತೆಂದು ಪ್ಲಿನಿಗೆ ವ್ಯಥೆಯಿದೆ, ಗಂಡಸರು ಮೆತ್ತಗಾದರೆಂದು ನಾಚಿಕೆಯಿದೆ. ವರ್ಷಕ್ಕೆರಡು ಸಲ ಗರಿ ಕೀಳಿಸಿಕೊಂಡ ಹಕ್ಕಿಯ ವಿಷಯದಲ್ಲಿ ಅವನದು ಲೆಕ್ಕಪತ್ರ ಬರೆಯುವವನ ಧಾಟಿ.

ಉತ್ತರದ ವೀರರ ಹಾಸಿಗೆ

ರೋಮಿನಿಂದ ಬಹುದೂರ ಉತ್ತರಕ್ಕೆ, ಸ್ಕಾಂಡಿನೇವಿಯದ ಕಡೆಗೆ ಹೋದರೆ, ಅಲ್ಲಿ ತುಪ್ಪುಳು ಇದ್ದುದಕ್ಕೆ ಪುಸ್ತಕದ ಸಾಕ್ಷಿಗಿಂತ ಮಣ್ಣಿನ ಸಾಕ್ಷಿ ಹೆಚ್ಚು. ಸ್ವೀಡನ್ನಿನ ಉಪ್ಸಾಲ ನಗರದ ಬಳಿ ವಾಲ್ಸ್‌ಗಾರ್ಡೆ ಎಂಬಲ್ಲಿ ಏಳನೆಯ ಶತಮಾನದ ವೀರರನ್ನು ದೋಣಿಗಳಲ್ಲಿಟ್ಟು ಹೂಳಿದ ಸಮಾಧಿಗಳಿವೆ. ತಲೆಗವಚ, ಗುರಾಣಿ, ಕತ್ತಿಗಳ ಜತೆಗೆ ಅವರಿಗೆ ಮೆತ್ತನೆಯ ಹಾಸಿಗೆಗಳನ್ನೂ ಕೊಟ್ಟಿದ್ದರು. ಆ ಹಾಸಿಗೆಗಳಲ್ಲಿ ಉಳಿದಿದ್ದ ಗರಿಯ ಚೂರುಗಳನ್ನು ನಾರ್ವೆಯ ವಿದ್ವಾಂಸರು ಸೂಕ್ಷ್ಮದರ್ಶಕದಿಂದ ಪರೀಕ್ಷಿಸಿ ೨೦೨೧ರಲ್ಲಿ ವರದಿ ಪ್ರಕಟಿಸಿದರು. ಬಾತು, ಹೆಬ್ಬಾತುಗಳ ಗರಿಯೇ ಅಲ್ಲದೆ ಕಾಗೆಯ ಜಾತಿಯ ಹಕ್ಕಿಗಳದು, ಗುಬ್ಬಿಯದು, ದೊಡ್ಡ ಗೂಬೆಯದು ಕೂಡ ಅವುಗಳಲ್ಲಿತ್ತು. ನಾರ್ವೆಯ ಓಸೆಬರ್ಗ್ ಎಂಬಲ್ಲಿ ೮೩೪ರಲ್ಲಿ ಇಬ್ಬರು ಸ್ತ್ರೀಯರನ್ನು ಹಡಗಿನಲ್ಲಿಟ್ಟು ಹೂಳಿದಾಗಲೂ ಮಂಚ ಮತ್ತು ಗರಿಯ ಹಾಸಿಗೆಗಳನ್ನು ಇಟ್ಟಿದ್ದರು.

ಬರಹದ ಸಾಕ್ಷಿಯೂ ಒಂದಿದೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಓಟ್ಟರ್ ಎಂಬ ನಾರ್ವೆಯ ಶ್ರೀಮಂತನು ಇಂಗ್ಲೆಂಡಿನ ಆಲ್ಫ್ರೆಡ್ ದೊರೆಯ ಆಸ್ಥಾನಕ್ಕೆ ಬಂದು ತನ್ನ ನಾಡಿನ ವೃತ್ತಾಂತವನ್ನು ಹೇಳಿದನು, ಅದನ್ನು ಬರೆದಿಟ್ಟರು. ಉತ್ತರದ ಸಾಮಿ ಜನರಿಂದ ತನಗೆ ಸಲ್ಲುವ ಕಪ್ಪಕಾಣಿಕೆಯ ಪಟ್ಟಿಯನ್ನು ಅವನು ಕೊಟ್ಟಿದ್ದಾನೆ. ಅವರಲ್ಲಿ ಮೇಲಿನ ಅಂತಸ್ತಿನವನು ೧೫ ಮಾರ್ಟೆನ್ ಚರ್ಮ, ಐದು ಹಿಮಸಾರಂಗ, ಒಂದು ಕರಡಿಯ ಚರ್ಮಗಳೊಂದಿಗೆ ಹತ್ತು ಅಳತೆ ಗರಿಯನ್ನೂ ತೆರಬೇಕಾಗಿತ್ತು. ನಮ್ಮಲ್ಲಿ ಕೊಳಗದ ಲೆಕ್ಕದಲ್ಲಿ ರಾಗಿ ಭತ್ತಗಳನ್ನು ತೆರುತ್ತಿದ್ದಂತೆ ಅಲ್ಲಿ ಗರಿಯನ್ನು ಅಳೆದು ತೆತ್ತರು. ಈ ಗರಿ ಸಮುದ್ರ ತೀರದ ಈಡರ್ ಎಂಬ ಬಾತಿನ ತುಪ್ಪುಳೇ ಇರಬೇಕೆಂದು ಹಲವರು ವಿದ್ವಾಂಸರ ಊಹೆ.

ತಾನಾಗಿ ಕೊಡುವ ಹಕ್ಕಿ

ಈಡರ್ ಬಾತು ಉತ್ತರ ಸಮುದ್ರಗಳ ಕಾಡುಹಕ್ಕಿ. ಶಾಸ್ತ್ರಜ್ಞರು ಅದಕ್ಕಿಟ್ಟಿರುವ ಹೆಸರು ಸೊಮಟೇರಿಯ ಮೊಲ್ಲಿಸ್ಸಿಮ. ಮೈಯಲ್ಲಿ ಅತ್ಯಂತ ಮೃದುವಾದ ಉಣ್ಣೆಯುಳ್ಳದ್ದು ಎಂದು ಆ ಗ್ರೀಕ್ ಲ್ಯಾಟಿನ್ ಸಮಾಸದ ಅರ್ಥ. ಹೆಣ್ಣು ಹಕ್ಕಿ ಮೊಟ್ಟೆಯಿಡುವ ಕಾಲಕ್ಕೆ ನೆಲದ ಮೇಲೆ ಗೂಡು ಮಾಡಿ, ತನ್ನ ಎದೆಯ ತುಪ್ಪುಳನ್ನು ಕೊಕ್ಕಿನಿಂದ ತಾನೇ ಕಿತ್ತು ಅದರಲ್ಲಿ ಹಾಸುತ್ತದೆ. ಸುಮಾರು ೨೫ ದಿನ ಕಾವು ಕೊಡುವಾಗ ಅದು ಆಹಾರ ತೆಗೆದುಕೊಳ್ಳುವುದೇ ಅಪರೂಪ. ಎದ್ದುಹೋಗಬೇಕಾದರೆ ಅದೇ ತುಪ್ಪುಳನ್ನು ಮೊಟ್ಟೆಗಳ ಮೇಲೆ ಹೊದಿಸಿ ಹೋಗುತ್ತದೆ. ಮನುಷ್ಯನು ಹೊದಿಕೆಯ ವಿಚಾರ ಮಾಡುವುದಕ್ಕೆ ಮೊದಲೇ ಹಕ್ಕಿ ಅದನ್ನು ಮಾಡಿ ಉಪಯೋಗಿಸುತ್ತಿತ್ತು.

ಈ ಹಕ್ಕಿಗೆ ನರಿ, ಕಾಗೆ, ಕಡಲಹಕ್ಕಿಗಳೆಲ್ಲ ಶತ್ರುಗಳು. ಮನುಷ್ಯನ ವಾಸದ ಬಳಿ ಆ ಶತ್ರುಗಳ ಕಾಟ ಕಡಿಮೆ ಎಂಬುದನ್ನು ಅದು ಹೇಗೋ ಕಂಡುಕೊಂಡಿತು. ತನಗೆ ಕೇಡು ಬಾರದ ಕಡೆ ವರ್ಷವರ್ಷವೂ ಅದೇ ಜಾಗಕ್ಕೆ ಮರಳಿ ಬರುವುದು ಅದರ ಸ್ವಭಾವ. ಐಸ್‌ಲೆಂಡಿನ ಮತ್ತು ನಾರ್ವೆಯ ಕರಾವಳಿಯ ಒಕ್ಕಲಿಗರು ಇದನ್ನು ಅರಿತು ಹಕ್ಕಿಗೆ ಕಾವಲು ನಿಂತರು. ನಾರ್ವೆಯ ವೇಗ ದ್ವೀಪಗಳಲ್ಲಿ ಕಲ್ಲಿನಿಂದ, ಹಲಗೆಯಿಂದ ಈಡರುಗಳಿಗೆ ಪುಟ್ಟ ಪುಟ್ಟ ಮನೆಗಳನ್ನು ಕಟ್ಟಿ, ಒಣಗಿಸಿದ ಕಡಲ ಪಾಚಿಯನ್ನು ಹಾಸಿ ಅವುಗಳ ದಾರಿ ನೋಡುತ್ತಿದ್ದರು. ಹಕ್ಕಿ ಕಾವಿಗೆ ಕುಳಿತ ಮೇಲೆ ಗದ್ದಲ ಮಾಡಬಾರದು, ನಾಯಿಯನ್ನು ಬಿಡಬಾರದು, ಹೊಸಬರು ಆ ಕಡೆ ಸುಳಿಯಬಾರದು. ಗಂಡಸರು ಮೀನಿಗೆ ಹೋಗುತ್ತಿದ್ದುದರಿಂದ ಈ ಕೆಲಸದ ಬಹುಭಾಗ ಹೆಂಗಸರದು. ೨೦೦೪ರಲ್ಲಿ ಯುನೆಸ್ಕೊ ಸಂಸ್ಥೆ ವೇಗ ದ್ವೀಪಸಮೂಹವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ತುಪ್ಪುಳು ಸಂಗ್ರಹದಲ್ಲಿ ಹೆಂಗಸರು ವಹಿಸಿದ ಪಾತ್ರವನ್ನು ಎತ್ತಿ ಹೇಳಿತು.

ಮರಿಗಳು ಸಮುದ್ರಕ್ಕೆ ಇಳಿದ ಮೇಲೆ ಗೂಡಿನಲ್ಲಿ ಉಳಿದ ತುಪ್ಪುಳು ಒಕ್ಕಲಿಗನದು. ಐಸ್‌ಲೆಂಡಿನಲ್ಲಿ ಕಾವಿನ ನಡುವೆ ಒಂದಷ್ಟನ್ನು ಮೆಲ್ಲನೆ ತೆಗೆದುಕೊಳ್ಳುವ ಪದ್ಧತಿಯೂ ಉಂಟು. ಆದರೆ ಮೊಟ್ಟೆ ತಣ್ಣಗಾಗುವಷ್ಟನ್ನು ತೆಗೆಯುವುದಿಲ್ಲ. ತೆಗೆದರೆ ಮುಂದಿನ ವರ್ಷ ಹಕ್ಕಿ ಬಾರದು. ಶುದ್ಧಮಾಡಿದ ಒಂದು ಕಿಲೋ ತುಪ್ಪುಳಿಗೆ ಸುಮಾರು ೬೦ ಗೂಡು ಬೇಕು. ಹಿಂದೆ ಶುದ್ಧಮಾಡುತ್ತಿದ್ದ ಕ್ರಮ ನಮಗೂ ಪರಿಚಿತವೆನಿಸುವಂಥದು. ತಂತಿ ಬಿಗಿದ ಚೌಕಟ್ಟಿನ ಮೇಲೆ ತುಪ್ಪುಳನ್ನು ಹರಡಿ ತಂತಿಗಳನ್ನು ಮಿಡಿಯುತ್ತಿದ್ದರು. ಕಸಕಡ್ಡಿ ಕೆಳಗೆ ಉದುರುತ್ತಿತ್ತು, ತುಪ್ಪುಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಮೇಲೆಯೇ ನಿಲ್ಲುತ್ತಿತ್ತು. ನಮ್ಮ ಪಿಂಜಾರರು ಬಿಲ್ಲಿನ ನಾರಿಯನ್ನು ಮಿಡಿದು ಅರಳೆ ಹಿಂಜುತ್ತಿದ್ದುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಒಪ್ಪಂದಕ್ಕೆ ಭಂಗ ಬಾರದಂತೆ ಐಸ್‌ಲೆಂಡು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿಯೇ ಈಡರನ್ನು ಕೊಲ್ಲುವುದನ್ನು ಸಂಪೂರ್ಣವಾಗಿ ನಿಷೇಧಿಸಿತು. ಇಂಗ್ಲೆಂಡಿನ ಈಶಾನ್ಯ ತೀರದ ಫಾರ್ನ್ ದ್ವೀಪದಲ್ಲಿ ಏಳನೆಯ ಶತಮಾನದಲ್ಲಿ ತಪಸ್ಸು ಮಾಡಿದ ಕತ್‌ಬರ್ಟ್ ಎಂಬ ಸಂತನು ಈ ಹಕ್ಕಿಗೆ ಅಭಯ ಕೊಟ್ಟಿದ್ದನೆಂಬ ಐತಿಹ್ಯವಿದೆ. ಇಂದಿಗೂ ಆ ಕಡೆಯ ಜನ ಈಡರನ್ನು ಅವನ ಹೆಸರಿನಿಂದಲೇ 'ಕಡ್ಡಿ ಬಾತು' ಎಂದು ಕರೆಯುತ್ತಾರೆ. ಕಡ್ಡಿ ಎಂಬುದು ಕತ್‌ಬರ್ಟನ ಮುದ್ದಿನ ಹೆಸರು.

ಇಂಗ್ಲೆಂಡಿನವರು ನಕ್ಕದ್ದು

ತುಪ್ಪುಳಿಗೆ ಇಂಗ್ಲಿಷಿನಲ್ಲಿರುವ 'ಡೌನ್' ಎಂಬ ಶಬ್ದವೂ ಈಡರ್ ಎಂಬ ಶಬ್ದವೂ ಉತ್ತರದ ಭಾಷೆಯಿಂದ ಬಂದವು. ಸರಕಿನ ಜತೆಗೆ ಅದರ ಹೆಸರೂ ಹಡಗೇರಿ ಬರುವುದು ಭಾಷೆಗಳ ಚರಿತ್ರೆಯಲ್ಲಿ ಸಾಮಾನ್ಯ ಸಂಗತಿ. ಆದರೆ ಹೊದಿಕೆ ಮಾತ್ರ ಇಂಗ್ಲೆಂಡಿಗೆ ಬೇಗ ಒಗ್ಗಲಿಲ್ಲ. ಅಲ್ಲಿಯವರು ಗರಿಯ ಹಾಸಿಗೆಯ ಮೇಲೆ ಮಲಗುತ್ತಿದ್ದರು. ಹೊದೆಯುವುದಕ್ಕೆ ಅವರಿಗೆ ಉಣ್ಣೆಯ ಕಂಬಳಿಯೇ ಬೇಕು.

ತುರ್ಕಿ ಸಾಮ್ರಾಜ್ಯದ ಚರಿತ್ರೆ ಬರೆದು ಹೆಸರಾಗಿದ್ದ ಪಾಲ್ ರೈಕಾಟ್ ಎಂಬವನು ೧೬೮೯ರಿಂದ ೧೭೦೦ರವರೆಗೆ ಜರ್ಮನಿಯ ಹ್ಯಾಂಬರ್ಗಿನಲ್ಲಿ ಇಂಗ್ಲೆಂಡಿನ ಪ್ರತಿನಿಧಿಯಾಗಿದ್ದನು. ಅಲ್ಲಿಯ ತುಪ್ಪುಳಿನ ಹೊದಿಕೆಗೆ ಮನಸೋತು ತನ್ನ ನಾಡಿನ ಸ್ನೇಹಿತರಿಗೆ ಈಡರ್ ತುಪ್ಪುಳಿನ ಚೀಲಗಳನ್ನು ಕಳುಹಿಸಿದನು. ಹೊದಿಕೆ ಹೊಲಿಸುವ ಕ್ರಮವನ್ನೂ ಬರೆದು ಕಳುಹಿಸಿದನು. ದೊಡ್ಡ ದೊಡ್ಡ ಮನೆಗಳಾಗಿ, ಎತ್ತರವಾಗಿ ಉಬ್ಬುವಂತೆ ಹೊಲಿಸಬೇಕು, ಒತ್ತೊತ್ತಾಗಿ ಹೊಲಿಸಿದರೆ ಬೆಚ್ಚಗಾಗದು ಎಂಬುದು ಅವನ ಎಚ್ಚರಿಕೆ. ಮುನ್ನೂರು ವರ್ಷಗಳ ಹಿಂದಿನ ಈ ಮಾತಿಗೆ ಇಂದಿನ ಅಂಗಡಿಯವನೂ ಹೆಚ್ಚಿನದೇನನ್ನೂ ಸೇರಿಸಲಾರ. ರೈಕಾಟನ ಸ್ನೇಹಿತರಿಂದಾಚೆಗೆ ಆ ಪದ್ಧತಿ ಹರಡಲಿಲ್ಲ. ೧೭೪೯ರಲ್ಲಿ ಯೂರೋಪಿನ ಪ್ರವಾಸಿಗಳಿಗಾಗಿ ಕೈಪಿಡಿ ಬರೆದ ಥಾಮಸ್ ನ್ಯೂಜೆಂಟನು ಜರ್ಮನಿಯ ವೆಸ್ಟ್‌ಫೇಲಿಯದಲ್ಲಿ ಜನ ಗರಿಯ ಹಾಸಿಗೆಯೊಂದನ್ನು ಕೆಳಗೆ ಹಾಕಿ ಇನ್ನೊಂದನ್ನು ಮೇಲೆ ಹೊದೆಯುತ್ತಾರೆಂಬುದನ್ನು ವಿಚಿತ್ರ ಸಂಗತಿಯಾಗಿ ತಿಳಿಸಿದನು.

ಹತ್ತು ವರ್ಷಗಳ ತರುವಾಯ, ೧೭೫೯ರಲ್ಲಿ, ನಿಘಂಟುಕಾರನಾದ ಡಾಕ್ಟರ್ ಜಾನ್ಸನನು ವೃತ್ತಪತ್ರಿಕೆಯ ಜಾಹಿರಾತುಗಳನ್ನು ಕುರಿತು ಒಂದು ಲಲಿತಪ್ರಬಂಧ ಬರೆದನು. ಅದರಲ್ಲಿ ಅವನ ಪರಿಹಾಸಕ್ಕೆ ಸಿಕ್ಕಿದ ಸರಕುಗಳಲ್ಲಿ ತುಪ್ಪುಳಿನ ಹೊದಿಕೆಯೂ ಒಂದು. ನಾಲ್ಕೈದು ಕಂಬಳಿಗಳಿಗಿಂತ ಬಿಸಿ, ಒಂದು ಕಂಬಳಿಗಿಂತ ಹಗುರ ಎಂದು ಮಾರುವವನು ಹೊಗಳಿಕೊಂಡಿದ್ದನು. ಈಡರ್ ಎಂಬ ಶಬ್ದ ಆ ಜಾಹಿರಾತಿನಲ್ಲಿ 'ಆಟರ್' ಆಗಿತ್ತು. ಆ ಮಾತಿಗೆ ಇಂಗ್ಲಿಷಿನಲ್ಲಿ ನೀರುನಾಯಿ ಎಂದು ಅರ್ಥ! ನೀರುನಾಯಿಗೆ ಎಲ್ಲಿಯ ತುಪ್ಪುಳು? ಆದರೂ ಜಾಹಿರಾತಿನವನು ಹೇಳಿದ್ದರಲ್ಲಿ ಉತ್ಪ್ರೇಕ್ಷೆ ಎನ್ನುವಂಥದು ಹೆಚ್ಚಿರಲಿಲ್ಲ. ಇಂಗ್ಲೆಂಡಿನ ಸಾಮಾನ್ಯ ಮನೆಗೆ ಈ ಹೊದಿಕೆ ಹೊಕ್ಕದ್ದು ಇನ್ನೂರು ವರ್ಷ ಕಳೆದ ಮೇಲೆ. ಟೆರೆನ್ಸ್ ಕಾನ್ರನ್ ಎಂಬವನು ಸ್ವೀಡನ್ನಿನಲ್ಲಿ ಇದನ್ನು ಕಂಡು ಬಂದು, ೧೯೬೪ರಲ್ಲಿ ಲಂಡನ್ನಿನಲ್ಲಿ ತೆರೆದ ಹ್ಯಾಬಿಟ್ಯಾಟ್ ಎಂಬ ತನ್ನ ಅಂಗಡಿಯಲ್ಲಿ ಮಾರಾಟಕ್ಕಿಟ್ಟನು. ಅವನ ಜಾಹಿರಾತು ಬಿಸಿಯನ್ನು ಹೊಗಳಲಿಲ್ಲ. ಹತ್ತು ಸೆಕೆಂಡಿನಲ್ಲಿ ಹಾಸಿಗೆ ಸರಿಮಾಡಬಹುದೆಂದು ಹೇಳಿತು. ಬೆಳಗ್ಗೆ ಕೆಲಸಕ್ಕೆ ಹೊರಡುವ ಗೃಹಿಣಿಯರಿಗೆ ಆ ಮಾತು ಹಿಡಿಸಿತು.

ಬಡವರ ಗರಿ ಹಾಸಿಗೆ

ಇಷ್ಟರಿಂದ ತುಪ್ಪುಳು ಉಳ್ಳವರ ಸೊತ್ತೆಂದು ತಿಳಿಯಬಾರದು. ಈಡರ್ ಶ್ರೀಮಂತರದಾದರೆ ಹೆಬ್ಬಾತು ರೈತರದು. ಜರ್ಮನಿ, ಪೋಲೆಂಡು, ಬೊಹೀಮಿಯಗಳ ಹಳ್ಳಿಗಳಲ್ಲಿ ಹೆಬ್ಬಾತಿಲ್ಲದ ಮನೆ ಅಪರೂಪವಾಗಿತ್ತು. ಚಳಿಗಾಲದ ರಾತ್ರಿ ನೆರೆಹೊರೆಯ ಹೆಂಗಸರು ಒಂದು ಮನೆಯಲ್ಲಿ ಸೇರಿ, ಗರಿಯ ಕಡ್ಡಿಯಿಂದ ಎಳೆಗಳನ್ನು ಬಿಡಿಸುತ್ತ ಕಥೆ ಹೇಳುವರು. ಬಾಗಿಲು ತೆರೆದರೆ, ಯಾರಾದರೂ ಜೋರಾಗಿ ಸೀನಿದರೆ ಗಂಟೆಗಳ ಶ್ರಮ ಗಾಳಿಪಾಲು. ಮಗಳು ಹುಟ್ಟಿದ ವರ್ಷದಿಂದಲೇ ಅವಳ ಮದುವೆಯ ಹಾಸಿಗೆಗಾಗಿ ಗರಿ ಕೂಡಿಡುವ ತಾಯಂದಿರಿದ್ದರು. ನಮ್ಮ ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವ ಅಜ್ಜಿಯರು ಈ ಹೆಂಗಸರನ್ನು ಕಂಡಿದ್ದರೆ ಮಾತಿಗೆ ಭಾಷೆಯ ಅಡ್ಡಿಯಾಗುತ್ತಿರಲಿಲ್ಲ. ಜರ್ಮನಿಯ ಗ್ರಿಮ್ ಸೋದರರು ೧೮೧೨ರಲ್ಲಿ ಪ್ರಕಟಿಸಿದ ಜನಪದ ಕಥೆಗಳಲ್ಲಿ ಹೋಲೆ ಎಂಬ ಮುದುಕಿಯ ಕಥೆಯಿದೆ. ಅವಳ ಗರಿಯ ಹಾಸಿಗೆಯನ್ನು ಕೊಡವಿದರೆ ಭೂಮಿಯಲ್ಲಿ ಹಿಮ ಬೀಳುತ್ತದೆಂದು ಆ ಕಥೆ ಹೇಳುತ್ತದೆ.

ಇದೇ ಚಿತ್ರಕ್ಕೆ ಕ್ರೂರವಾದ ಮತ್ತೊಂದು ಮುಖವೂ ಇದೆ. ಪೂರ್ವ ಯೂರೋಪಿನ ಯೆಹೂದ್ಯರ ಮನೆಗಳಲ್ಲಿ ಗರಿಯ ಹಾಸಿಗೆ, ಹೊದಿಕೆ, ದಿಂಬುಗಳೇ ದೊಡ್ಡ ಆಸ್ತಿ. ೧೯೦೩ರಲ್ಲಿ ಕಿಶಿನೇವ್ ನಗರದಲ್ಲಿ ಅವರ ಮೇಲೆ ಹಲ್ಲೆ ನಡೆದಾಗ ದಂಗೆಕೋರರು ಮನೆಗಳಿಗೆ ನುಗ್ಗಿ ಹಾಸಿಗೆಗಳನ್ನು ಬಗೆದು ಬೀದಿಗೆ ಸುರಿದರು. ವಸಂತಕಾಲದ ಆ ದಿನಗಳಲ್ಲಿ ಊರ ಬೀದಿಗಳು ಹಿಮ ಬಿದ್ದಂತೆ ಗರಿಯಿಂದ ಬೆಳ್ಳಗಾಗಿದ್ದುವೆಂದು ಕಂಡವರು ಹೇಳಿದ್ದಾರೆ. ತಾಯಿ ಮಗಳಿಗಾಗಿ ವರ್ಷಗಟ್ಟಲೆ ಕೂಡಿಟ್ಟದ್ದನ್ನು ಗಾಳಿಗೆ ತೂರಲು ಒಂದು ಚಾಕು ಸಾಕಾಯಿತು. ಪ್ರಾಣ ಉಳಿಸಿಕೊಂಡು ಅಮೆರಿಕಕ್ಕೆ ಹೊರಟವರಲ್ಲಿ ಅನೇಕರು ಪಾತ್ರೆಪದಾರ್ಥಗಳನ್ನು ಬಿಟ್ಟರೂ ಗರಿಯ ಹಾಸಿಗೆಯ ಗಂಟನ್ನು ಬಿಡಲಿಲ್ಲ.

ಬಿಸಿ ಎಲ್ಲಿಂದ ಬರುತ್ತದೆ?

ತುಪ್ಪುಳು ಬಿಸಿ ಎಂದು ಎಲ್ಲರೂ ಬಲ್ಲರು. ಏಕೆ ಬಿಸಿ ಎಂದು ಅಳೆದು ನೋಡಿದವನು ರಂಫರ್ಡ್ ಪ್ರಭು. ಅಮೆರಿಕದಲ್ಲಿ ಹುಟ್ಟಿ ಜರ್ಮನಿಯ ಬವೇರಿಯ ಸಂಸ್ಥಾನದಲ್ಲಿ ಅಧಿಕಾರಕ್ಕೇರಿದ ಇವನಿಗೆ ಸಿಪಾಯಿಗಳಿಗೆ ಕಡಿಮೆ ಖರ್ಚಿನಲ್ಲಿ ಬೆಚ್ಚನೆಯ ಉಡುಪು ಒದಗಿಸುವ ಹೊಣೆಯಿತ್ತು. ಉಷ್ಣಮಾಪಕವೊಂದರ ಬುರುಡೆಯ ಸುತ್ತ ಗಾಜಿನ ಗೋಳವನ್ನಿಟ್ಟು, ನಡುವಣ ಜಾಗದಲ್ಲಿ ಬೇರೆ ಬೇರೆ ವಸ್ತುಗಳನ್ನು ಒಂದೇ ತೂಕದಲ್ಲಿ ತುಂಬಿ, ಕಾಯಿಸಿ, ಮಂಜುಗಡ್ಡೆಯಲ್ಲಿಟ್ಟು ತಣ್ಣಗಾಗಲು ಹಿಡಿಯುವ ಹೊತ್ತನ್ನು ಅವನು ಅಳೆದನು. ಬರಿಯ ಗಾಳಿಯಿದ್ದಾಗ ೫೭೬ ಸೆಕೆಂಡು, ಹತ್ತಿಗೆ ೧,೦೪೬, ಕುರಿಯ ಉಣ್ಣೆಗೆ ೧,೧೧೮, ಈಡರ್ ತುಪ್ಪುಳಿಗೆ ೧,೩೦೫. ಈ ಪ್ರಯೋಗಗಳನ್ನು ೧೭೯೨ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟನು. ಎಳೆಗಳ ನಡುವೆ ಸಿಕ್ಕಿಬಿದ್ದು ಅಲುಗಾಡದೆ ನಿಂತ ಗಾಳಿಯಿಂದಲೇ ಬಿಸಿ ಉಳಿಯುತ್ತದೆ ಎಂಬುದು ಅವನು ಕಂಡ ತತ್ತ್ವ.

ಈ ಅಂಕಿಗಳಲ್ಲಿ ಒಂದು ಸ್ವಾರಸ್ಯವಿದೆ. ಒಂದೇ ತೂಕ, ಒಂದೇ ಜಾಗ ಕೊಟ್ಟರೆ ಉಣ್ಣೆಗಿಂತ ಈಡರ್ ತುಪ್ಪುಳು ಮೇಲಾಗುವುದು ಆರರಲ್ಲಿ ಒಂದು ಪಾಲು ಮಾತ್ರ. ತುಪ್ಪುಳಿನ ನಿಜವಾದ ಹಿರಿಮೆ ಅದರ ಹಗುರದಲ್ಲಿದೆ. ಚಿಟಿಕೆಯಷ್ಟು ತುಪ್ಪುಳು ತಾನಾಗಿ ಅರಳಿ ಬೊಗಸೆ ತುಂಬ ಗಾಳಿಯನ್ನು ಹಿಡಿದಿಡುತ್ತದೆ. ಉಣ್ಣೆ ಅಷ್ಟು ಜಾಗ ತುಂಬಬೇಕಾದರೆ ಹೊರೆಯಾಗುತ್ತದೆ. ಹೊರೆ ಹೊರಬೇಕಾದವರು ಇದನ್ನು ಬೇಗ ಅರಿತರು. ೧೯೨೨ರ ಎವರೆಸ್ಟ್ ಯಾತ್ರೆಯಲ್ಲಿ ಜಾರ್ಜ್ ಫಿಂಚ್ ಎಂಬವನು ಬೆಲೂನಿನ ಬಟ್ಟೆಯಲ್ಲಿ ಈಡರ್ ತುಪ್ಪುಳು ತುಂಬಿ ಹೊಲಿಸಿದ ಕೋಟು ತೊಟ್ಟು ಬಂದಾಗ, ಉಣ್ಣೆಯ ಕೋಟಿನ ಜತೆಗಾರರು ಅದನ್ನು ನೋಡಿ ನಕ್ಕರು. ಚಳಿಗಾಳಿ ಬೀಸತೊಡಗಿದ ಮೇಲೆ ನಗು ನಿಂತು ಹೊಟ್ಟೆಕಿಚ್ಚು ಶುರುವಾಯಿತು. ಆ ಕೋಟಿನಲ್ಲಿ ಫಿಂಚನು ೨೭,೩೦೦ ಅಡಿಗಳವರೆಗೆ ಏರಿದನು.

ಇಂದಿನ ಹೊದಿಕೆಯ ಚೀಟಿಯ ಮೇಲಿರುವ ಅಂಕಿಗಳಿಗೆ ಈಗ ಅರ್ಥ ಬರುತ್ತದೆ. ೫೫೦, ೮೦೦ ಎಂಬುವು ಒಂದು ಔನ್ಸು, ಅಂದರೆ ಸುಮಾರು ೨೮ ಗ್ರಾಂ ತುಪ್ಪುಳು ಅರಳಿ ಎಷ್ಟು ಘನ ಅಂಗುಲ ಜಾಗವನ್ನು ತುಂಬುತ್ತದೆ ಎಂಬುದರ ಲೆಕ್ಕ. ೬೦೦ರ ತುಪ್ಪುಳು ಹತ್ತು ಲೀಟರಿನ ಬಕೆಟ್ಟನ್ನು ತುಂಬುತ್ತದೆ. ಅಂಕಿ ಹೆಚ್ಚಿದಷ್ಟೂ ಅಷ್ಟೇ ಬಿಸಿಗೆ ಕಡಿಮೆ ತೂಕ ಸಾಕು. ಬೆಲೆ ಮಾತ್ರ ಏರುತ್ತದೆ. ಆದರೆ ಒಳಗೆ ಎಷ್ಟು ತೂಕ ತುಂಬಿದ್ದಾರೆಂಬುದನ್ನು ನೋಡದೆ ಈ ಅಂಕಿಯೊಂದನ್ನೇ ನಂಬಿದರೆ ಉತ್ತಮ ತುಪ್ಪುಳಿನ ತೆಳ್ಳನೆಯ ಹೊದಿಕೆಯೊಳಗೆ ನಡುಗಬೇಕಾದೀತು. ಬ್ರಿಟನ್ನಿನಲ್ಲಿ ಹೊದಿಕೆಯ ಬಿಸಿಯನ್ನು 'ಟಾಗ್' ಎಂಬ ಮಾನದಲ್ಲಿ ಅಳೆಯುತ್ತಾರೆ, ಬೇಸಗೆಗೆ ೪.೫, ಕಡು ಚಳಿಗೆ ೧೩.೫. ಹೊಲಿಗೆಯಲ್ಲಿ ರೈಕಾಟನ ಮಾತೇ ಪ್ರಮಾಣ. ಮೇಲಿನ ಬಟ್ಟೆಯನ್ನೂ ಕೆಳಗಿನ ಬಟ್ಟೆಯನ್ನೂ ಸೇರಿಸಿ ನೇರವಾಗಿ ಹೊಲಿದರೆ ಹೊಲಿಗೆಯ ಗೆರೆಯುದ್ದಕ್ಕೂ ಚಳಿ ನುಗ್ಗುತ್ತದೆ. ನಡುವೆ ಬಟ್ಟೆಯ ಪುಟ್ಟ ಗೋಡೆಗಳನ್ನು ಕೊಟ್ಟು ಪೆಟ್ಟಿಗೆ ಪೆಟ್ಟಿಗೆಯಾಗಿ ಹೊಲಿದದ್ದು ಮೇಲು. ಹೊರ ಬಟ್ಟೆಯ ನೇಯ್ಗೆ ತುಪ್ಪುಳು ನುಸುಳದಷ್ಟು ಒತ್ತಾಗಿರಬೇಕು. ಹಿಂದಿನವರು ಅದಕ್ಕಾಗಿ ಒಳಮೈಗೆ ಮೇಣವನ್ನೋ ಸಾಬೂನನ್ನೋ ತಿಕ್ಕುತ್ತಿದ್ದರು.

ತುಪ್ಪುಳಿಗೆ ಒಂದು ದೌರ್ಬಲ್ಯವುಂಟು. ನೆನೆದರೆ ಅದು ಮುದ್ದೆಗಟ್ಟುತ್ತದೆ, ಗಾಳಿ ಹೊರಟುಹೋಗುತ್ತದೆ, ಬಿಸಿ ಮಾಯವಾಗುತ್ತದೆ. ಮಳೆಯಲ್ಲಿ ಕುರಿ ಕಾಯುವ ನಮ್ಮ ಕುರುಬನ ಕರಿಯ ಕಂಬಳಿ ನೆನೆದರೂ ಬ

ೆಚ್ಚಗಿರುತ್ತದೆ. ಒಣ ಚಳಿಯ ನಾಡಿಗೆ ತುಪ್ಪುಳು, ಮಲೆನಾಡಿನ ಮಳೆಗೆ ಕಂಬಳಿ ಎಂಬುದು ಆಯಾ ನಾಡಿನ ಜನ ಅನುಭವದಿಂದ ಕಂಡುಕೊಂಡದ್ದು.

ಕೇಳಬೇಕಾದ ಪ್ರಶ್ನೆ

ಹಕ್ಕಿ, ತೂಕ, ಹೊಲಿಗೆ ಇವಿಷ್ಟನ್ನೂ ವಿಚಾರಿಸಿದ ಮೇಲೆ ಪ್ಲಿನಿ ಕೇಳದೆ ಬಿಟ್ಟ ಪ್ರಶ್ನೆ ಉಳಿಯುತ್ತದೆ: ಈ ತುಪ್ಪುಳು ಹಕ್ಕಿಯ ಮೈಯಿಂದ ಬಂದದ್ದು ಹೇಗೆ? ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿಂಕನ್‌ಷೈರ್ ಜಿಲ್ಲೆಯ ಜವುಗು ನಾಡನ್ನು ಕಂಡ ಥಾಮಸ್ ಪೆನಂಟ್ ಎಂಬ ಪ್ರಾಣಿಶಾಸ್ತ್ರಜ್ಞನು ಅಲ್ಲಿ ಸಾಕುಹೆಬ್ಬಾತುಗಳನ್ನು ಜೀವಂತವಾಗಿ ವರ್ಷಕ್ಕೆ ಐದು ಸಲ ಕೀಳುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಮರಿಗಳನ್ನೂ ಬಿಡುತ್ತಿರಲಿಲ್ಲ, ಕಿತ್ತ ಬೆನ್ನಿಗೇ ಚಳಿ ಬಿದ್ದರೆ ಹಕ್ಕಿಗಳು ರಾಶಿ ರಾಶಿಯಾಗಿ ಸಾಯುತ್ತಿದ್ದುವು. ಮನುಷ್ಯನ ಚಳಿ ಕಳೆಯುವುದಕ್ಕಾಗಿ ಹಕ್ಕಿ ಚಳಿಯಿಂದ ಸತ್ತಿತು.

ಇದು ಗತಕಾಲದ ಮಾತಾಗಿಯೇ ಉಳಿಯಲಿಲ್ಲ. ಜಗತ್ತಿನ ತುಪ್ಪುಳಿನ ಬಹುಪಾಲು ಮಾಂಸಕ್ಕಾಗಿ ಕೊಂದ ಬಾತು ಹೆಬ್ಬಾತುಗಳಿಂದ ಬರುತ್ತದೆ. ಉತ್ಪಾದನೆಯಲ್ಲಿ ಚೀನಾ ಎಲ್ಲರಿಗಿಂತ ಮುಂದಿದೆ. ಆದರೆ ಜೀವಂತ ಹಕ್ಕಿಯಿಂದ ಕೀಳುವ ಪದ್ಧತಿ ಇಪ್ಪತ್ತನೆಯ ಶತಮಾನವನ್ನೂ ದಾಟಿ ಬಂತು. ಸಾಕುಹೆಬ್ಬಾತುಗಳ ವಿಷಯವಾಗಿ ಯೂರೋಪಿನ ಕೌನ್ಸಿಲ್ ೧೯೯೯ರಲ್ಲಿ ಹೊರಡಿಸಿದ ಶಿಫಾರಸು ಅದನ್ನು ಕೂಡದೆಂದಿತು. ೨೦೧೪ರಲ್ಲಿ 'ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್' ಎಂಬ ಮುದ್ರೆ ಬಳಕೆಗೆ ಬಂತು. ಜೀವಂತ ಹಕ್ಕಿಯಿಂದ ಕಿತ್ತದ್ದಕ್ಕೂ, ಬಲವಂತವಾಗಿ ತಿನ್ನಿಸಿ ಕೊಬ್ಬಿಸಿದ ಹಕ್ಕಿಯ ತುಪ್ಪುಳಿಗೂ ಅದನ್ನು ಕೊಡುವುದಿಲ್ಲ. ಮುದ್ರೆಯೊಂದರಿಂದ ಎಲ್ಲವೂ ಸರಿಹೋಗುವುದೆಂದಲ್ಲ. ಆದರೆ ಕೇಳುವವರು ಇದ್ದಾರೆಂಬುದು ಮಾರುವವನಿಗೆ ಗೊತ್ತಾಗುವುದು ಸಣ್ಣ ವಿಷಯವಲ್ಲ. ಈಡರ್ ತುಪ್ಪುಳು ಜಗತ್ತಿಗೆಲ್ಲ ಸೇರಿ ವರ್ಷಕ್ಕೆ ಕೆಲವೇ ಸಾವಿರ ಕಿಲೋ. ಅದರಲ್ಲಿ ಹೆಚ್ಚಿನದು ಐಸ್‌ಲೆಂಡಿನದು. ಅಂಥ ಹೊದಿಕೆಗೆ ಲಕ್ಷಗಟ್ಟಲೆ ರೂಪಾಯಿ ತೆರಬೇಕಾದ್ದರಿಂದ ಎಲ್ಲರೂ ಅದನ್ನೇ ಕೊಳ್ಳಿರೆಂದು ಹೇಳುವುದು ವ್ಯರ್ಥ. ಹಕ್ಕಿಯ ಗೊಡವೆಯೇ ಬೇಡವೆನ್ನುವವರಿಗೆ ಪಾಲಿಯೆಸ್ಟರ್ ತುಂಬಿದ ಹೊದಿಕೆಗಳಿವೆ. ತೂಕ ತುಸು ಹೆಚ್ಚು, ಬಾಳಿಕೆ ಕಡಿಮೆ. ಆದರೆ ತೇವಕ್ಕೆ ಅಷ್ಟು ಹೆದರುವುದಿಲ್ಲ, ಒಗೆಯುವುದೂ ಸುಲಭ.

ಇನ್ನು ನಮ್ಮ ಹಂಸದ ಮಾತು. ಮಾನಸಸರೋವರದ ಹಂಸವೆಂದು ಕವಿಗಳು ಹಾಡಿದ ಹಕ್ಕಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಹೆಬ್ಬಾತು ಎಂದು ಕೆಲವು ವಿದ್ವಾಂಸರ ಅಭಿಪ್ರಾಯ. ಟಿಬೆಟ್ಟು, ಮಂಗೋಲಿಯಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು ಚಳಿಗಾಲವನ್ನು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಕಳೆಯುತ್ತವೆ. ೨೦೨೪ರಲ್ಲಿ ಆ ಕೆರೆ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿತು. ಹಿಮಾಲಯದ ನೆತ್ತಿಯ ಚಳಿಯನ್ನು ತಡೆಯುವ ತುಪ್ಪುಳು ಮೈಮೇಲಿದ್ದರೂ ಬಯಲುಸೀಮೆಯ ರೈತರು ಆ ಹಕ್ಕಿಗಳಿಂದ ಹಾಸಿಗೆ ಮಾಡಲು ಹೊರಡಲಿಲ್ಲ. ನಮಗೆ ಬೂರುಗದ ಹತ್ತಿಯ ದಿಂಬು, ಅರಳೆಯ ಹಾಸಿಗೆ, ಕೌದಿ, ಕಂಬಳಿಗಳಿದ್ದುವು. ಈ ಹವೆಗೆ ಅವು ಸಾಕಾಗಿದ್ದುವು, ಈಗಲೂ ಸಾಕು. ಹಂಸತೂಲಿಕಾತಲ್ಪವನ್ನು ನಾವು ಕಥೆಯ ರಾಜರಿಗೆ ಬಿಟ್ಟುಕೊಟ್ಟೆವು.

ಚಳಿಯ ನಾಡಿನಲ್ಲಿ ಸಂಸಾರ ಹೂಡಿರುವ ನಮ್ಮ ಮಕ್ಕಳಿಗೆ ಹಾಗೆ ಬಿಟ್ಟುಕೊಡುವ ಅನುಕೂಲವಿಲ್ಲ. ಅವರಿಗೆ ಹೊದಿಕೆ ಬೇಕೇ ಬೇಕು. ಕೊಳ್ಳುವಾಗ ಅವರು ಮೊದಲು ತೂಕ ನೋಡಲಿ, ಹೊಲಿಗೆ ನೋಡಲಿ, ಅಂಕಿ ನೋಡಲಿ. ಆಮೇಲೆ ಅಂಗಡಿಯವನನ್ನು ಇನ್ನೊಂದು ಮಾತು ಕೇಳಲಿ: ಹಕ್ಕಿ ಇದನ್ನು ಕೊಟ್ಟದ್ದು ಹೇಗೆ ಎಂದು. ವೇಗ ದ್ವೀಪದ ಹೆಂಗಸರಿಗೆ ಆ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಮುಂದಿನ ವಸಂತದಲ್ಲಿ ಹಕ್ಕಿ ಮತ್ತೆ ಅವರ ಅಂಗಳಕ್ಕೆ ಬರುತ್ತಿದ್ದುದೇ ಆ ಉತ್ತರ.